ಮಾಯವ್ವ ಕಲಿತ ಒದೆ

ಒಂದು ಊಟಕ್ಕೆ ಒಂದೂವರೆ ರೂಪಾಯಿ. ಎರಡು ಜೋಳದ ರೊಟ್ಟಿ, ಒಂದು ಪಲ್ಯ, ಒಂದು ಕಾಳು, ಶೇಂಗಾ ಚಟ್ನಿ, ಕಡೆಗೆ ಅನ್ನ, ಸಾರು, ಮಜ್ಜಿಗೆ. ಬೈಲಹೊಂಗಲದ ಹತ್ತಿ ಪೇಟೆಯ ಹಿಂದಿನ ಓಣಿಯಲ್ಲಿ ಕೃಷ್ಣವ್ವ ನಡೆಸುತ್ತಿದ್ದ ಖಾನಾವಳಿಯ ದರ ಅದು. ಎಪ್ಪತ್ತೆಂಟನೆಯ ಇಸವಿಯ ಮಾತು. ಕೃಷ್ಣವ್ವ ಯಾವ ವಸ್ತುವಿನ ಬೆಲೆಯನ್ನೂ ರೂಪಾಯಿಯಲ್ಲಿ ಅಳೆಯುತ್ತಿರಲಿಲ್ಲ, ಊಟದಲ್ಲಿ ಅಳೆಯುತ್ತಿದ್ದಳು. ಮಗ ಲಗಮಣ್ಣ ಕೊರಿಯಾ ದೇಶದ ಹೊಡೆದಾಟದ ವಿದ್ಯೆ ಕಲಿಯುತ್ತೇನೆಂದು ಹಟ ಹಿಡಿದಾಗಲೂ ಒಲೆಯ ಮುಂದೆ ಕೂತೇ ಲೆಕ್ಕ ಹಾಕಿದಳು. ತಿಂಗಳ ಫೀ ಆರು ಊಟ. ಬಿಳಿ ಮಾಂಜರಪಾಟ ಬಟ್ಟೆಯ ಅಂಗಿ, ಪಾಯಜಾಮ, ಹೊಲಿಗೆ ಸೇರಿ ಹದಿನೈದು ಊಟ. ಮುಷ್ಟಿಯಿಂದ ಗುದ್ದಿ ಒಡೆಯಲು ಮಂಗಳೂರು ಹೆಂಚು ಬೇರೆ.

"ಅಷ್ಟು ಊಟ ಪ್ಯಾಟ್ಯಾಗಿನ ಹಮಾಲರಿಗೆ ಹಾಕಿದ್ರ ನಿನ್ನ ಪರವಾಗಿ ಅವರ ಬಡದಾಡತಾರೋ," ಅಂದಳು. "ನಿನಗ್ಯಾಕ ಈ ಕಷ್ಟ?"

"ಯವ್ವಾ, ನಾಳೆ ಹಾದ್ಯಾಗ ಯಾರರ ಅಡ್ಡ ಹಾಕಿದ್ರ ಹಮಾಲರನ್ನ ಬೆನ್ನಿಗೆ ಕಟಗೊಂಡು ಅಡ್ಯಾಡಲೇನ?"

"ನಿನ್ನ ಅಡ್ಡ ಹಾಕಿ ಏನು ಕಸಗೋತಾರ? ಬೀಡಿ ಕಟ್ಟು?"

ಒಲೆಯ ಆ ಕಡೆ ರೊಟ್ಟಿ ಬಡಿಯುತ್ತಿದ್ದ ಕಾಡವ್ವ ಸೊಸೆಯ ಮಾತಿಗೆ ನಕ್ಕಳು. ಕಾಡವ್ವ ಕೃಷ್ಣವ್ವನ ಅತ್ತೆ. ಎಪ್ಪತ್ತು ದಾಟಿದ್ದರೂ ಕೈ ನಿಂತಿರಲಿಲ್ಲ, ಬಾಯಂತೂ ನಿಂತೇ ಇರಲಿಲ್ಲ.

ವಿದ್ಯೆ ಕಲಿಸುತ್ತಿದ್ದವನು ದುಂಡಪ್ಪ ಮಾಸ್ತರ. ಕಿತ್ತೂರ ಕಡೆಯವನು. ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾಗ ಅಲ್ಲಿ ಈ ಟೇಕ್ವಾಂಡೊ ಕಲಿತು, ಈಗ ಹತ್ತಿ ಗಿರಣಿಯಲ್ಲಿ ಕಾರಕೂನನಾಗಿದ್ದ. ಸಂಜೆ ಶಾಲೆಯ ಬಯಲಿನಲ್ಲಿ ಎಂಟು ಹತ್ತು ಹುಡುಗರನ್ನು ಸಾಲಾಗಿ ನಿಲ್ಲಿಸಿ ಕಾಲು ಎತ್ತಿಸುತ್ತಿದ್ದ. ಎರಡು ಹೊತ್ತೂ ಕೃಷ್ಣವ್ವನ ಖಾನಾವಳಿಯಲ್ಲೇ ಉಣ್ಣುತ್ತಿದ್ದ. ತೆಳ್ಳಗಿನ ಮೈ, ಮೆಲುದನಿ, ಮೂರನೆಯ ರೊಟ್ಟಿ ಕೇಳಲೂ ಸಂಕೋಚ.

"ಫೀ ಬ್ಯಾಡ್ರಿ ಅಕ್ಕಾರ," ಅಂದ ಅವನು. "ರಾತ್ರಿ ಒಂದು ರೊಟ್ಟಿ ಜಾಸ್ತಿ ಹಾಕ್ರಿ, ಸಾಕು."

ಹೀಗೆ ಲಗಮಣ್ಣನ ಕಲಿಕೆ ಶುರುವಾಯಿತು. ಮನೆಯಲ್ಲಿ ಅದನ್ನು ಒಪ್ಪದೆ ಉಳಿದವಳು ಕಾಡವ್ವ ಒಬ್ಬಳೇ.

"ಕೈ ಇಲ್ಲೇನು ಆ ದೇಶದಾಗ?" ಅಂತ ಮಾಸ್ತರನ ತಟ್ಟೆಗೆ ರೊಟ್ಟಿ ಹಾಕುತ್ತಲೇ ಕೇಳಿದಳು. "ಗರಡ್ಯಾಗ ನಮ್ಮ ಹುಡುಗೂರು ಕುಸ್ತಿ ಹಿಡೀತಾರ. ಮಣ್ಣಿಗೆ ಕೈ ಮುಗದು ಇಳೀತಾರ. ಬಿದ್ದವನ ಎಬ್ಬಿಸಿ ಅಪಗೋತಾರ. ಕಾಲು ಎತ್ತಿ ಮನಶ್ಯಾನ ಎದಿಗೆ ಒದಿಯೂದಂದ್ರ? ಕಸಬರಿಗಿಗೂ ಕಾಲು ತಾಗಿದ್ರ ಮುಟ್ಟಿ ನಮಸ್ಕಾರ ಮಾಡೂ ಮಂದಿ ನಾವು."

"ಆಯಿ, ಕಾಲಿಗೆ ಕೈಗಿಂತ ಬಲ ಜಾಸ್ತಿ. ಸಣ್ಣ ಮೈಯವರು ದೊಡ್ಡ ಮೈಯವರ ಮುಂದ ನಿಲ್ಲಬೇಕಂದ್ರ ಕಾಲ ಬೇಕು."

"ಬಲದ ಮಾತಲ್ಲಪಾ. ಕೈಲೆ ಹೊಡದಿದ್ದು ನಾಲ್ಕು ದಿನಕ್ಕ ಮರೀತಾರ. ಒದ್ದಿದ್ದು ಮರಿಯೂದಿಲ್ಲ."

ಮಾಸ್ತರ ತಲೆ ಬಗ್ಗಿಸಿ ಉಂಡ. ಲಗಮಣ್ಣ ಹಿತ್ತಲಿನ ಬೇವಿನ ಮರಕ್ಕೆ ಹಿಂಜಿದ ಹತ್ತಿಯ ಚೀಲ ಕಟ್ಟಿ ದಿನಾ ಒದೆಯತೊಡಗಿದ. ಅವನಪ್ಪ ಭರಮಪ್ಪ ಪೇಟೆಯಲ್ಲಿ ಹತ್ತಿಯ ಅಂಡಿಗೆ ತೂಗುವವನು, ಮಾತು ಕಡಿಮೆ. "ಮರಾ ಮುರೀಬ್ಯಾಡಲೇ, ನೆರಳಿಗೆ ಬೇಕು," ಅಂದದ್ದು ಬಿಟ್ಟರೆ ಏನೂ ಹೇಳಲಿಲ್ಲ.

ಶ್ರಾವಣ ಬಂತು. ಪಂಚಮಿಗೆ ಅಕ್ಕನನ್ನು ಕರೆತರಲು ಲಗಮಣ್ಣ ಹೋದ. ಮಾಯವ್ವನನ್ನು ಕೊಟ್ಟದ್ದು ಮುನವಳ್ಳಿ ದಾಟಿ, ನವಿಲುತೀರ್ಥದ ನೀರು ಹಾಯುವ ಒಂದು ಹಳ್ಳಿಗೆ. ಗಂಡ ಯಮನಪ್ಪನಿಗೆ ಕಾಲುವೆಯ ಕೆಳಗೆ ಮೂರು ಎಕರೆ. ದುಡಿಯುವವನೇ. ಆದರೆ ಹೊಲದಲ್ಲಿ ಎತ್ತು ಅಡ್ಡಬಿದ್ದರೂ, ನೀರಿನ ಪಾಳಿ ತಪ್ಪಿದರೂ ಸಿಟ್ಟು ಬಂದು ತೀರುತ್ತಿದ್ದದ್ದು ಮಾಯವ್ವನ ಮೈಮೇಲೆ. ಆ ವರ್ಷ ಯುಗಾದಿಗೆ ಬಾರಕೋಲಿನಿಂದ ಹೊಡೆದಿದ್ದ. ಆಗ ಎರಡೂ ಕಡೆಯ ಹಿರಿಯರು ಕೂಡಿದ್ದರು. ಮುನವಳ್ಳಿಯ ಸಂಗಪ್ಪ ಮುಂದೆ ನಿಂತು ಯಮನಪ್ಪನ ಕೈಗೆ ವೀಳ್ಯ ಕೊಟ್ಟು ಕರಾರು ಮಾಡಿಸಿದ್ದ: ಇನ್ನೊಮ್ಮೆ ಹೆಂಡತಿಯ ಮೈಗೆ ಕೈ ತಾಗಿದರೆ ಹೆಂಡತಿ, ಮಗಳು ಇಬ್ಬರೂ ತವರಿಗೆ, ವರ್ಷಕ್ಕೆ ಆರು ಚೀಲ ಜೋಳ ಯಮನಪ್ಪ ಕಳಿಸಬೇಕು. ಸಂಗಪ್ಪನ ಮಾತನ್ನು ಆ ಭಾಗದಲ್ಲಿ ಯಾರೂ ಮೀರುತ್ತಿರಲಿಲ್ಲ. ಆದರೆ ಒಂದು ಪದ್ಧತಿ ಇತ್ತು. ಕರಾರು ಮುರಿದಿದೆ ಅನ್ನುವ ಮಾತನ್ನು ಹೆಣ್ಣುಮಗಳು ತಾನಾಗಿ ಎತ್ತುವಂತಿಲ್ಲ. ತವರಿನವರು ಎತ್ತಬೇಕು.

ಮಾಯವ್ವ ನಾಲ್ಕು ವರ್ಷದ ಮಗಳು ಶಟ್ಟೆವ್ವನನ್ನು ಕಂಕುಳಲ್ಲಿ ಎತ್ತಿಕೊಂಡು ಬಸ್ಸಿಳಿದಳು. ಅಂದು ಹಿತ್ತಲ ಬಚ್ಚಲಲ್ಲಿ ಕೃಷ್ಣವ್ವ ಮಗಳಿಗೆ ಎಣ್ಣೆ ಹಚ್ಚಿ ಎರೆಯಲು ಕೂತಾಗ ಎಡ ತೋಳು ಕಂಡಿತು. ಮೊಣಕೈಯಿಂದ ಹೆಗಲವರೆಗೆ ನೇರಳೆ ಹಣ್ಣಿನ ಬಣ್ಣ.

"ಯಾವಾಗ?"

"ಮೊನ್ನೆ. ಎಮ್ಮಿ ಹಗ್ಗಾ ಹರಕೊಂಡು ಹೋಗಿತ್ತು."

"ಎಮ್ಮಿ ಹೋದ್ರ ನಿನ್ನ್ಯಾಕ ಹೊಡೀಬೇಕು?"

"ಎಮ್ಮಿ ಸಿಗಲಿಲ್ಲ ಯವ್ವಾ," ಅಂದಳು ಮಾಯವ್ವ. ಅಷ್ಟು ಹೇಳಿ ತಾನೇ ಸ್ವಲ್ಪ ನಕ್ಕಳು. "ಯಾರಿಗೂ ಹೇಳಿಲ್ಲ. ಅಪ್ಪನ ಕೈಲೆ ಹೇಳಸಬೇಕಂತ ಮುಚಗೊಂಡು ಬಂದೇನಿ."

ಕಾಡವ್ವ ಬಂದು ನೋಡಿದಳು. ಕಪ್ಪಾದ ಜಾಗಕ್ಕೆ ಬೆರಳು ತಾಗಿಸಲಿಲ್ಲ. ಸೀದಾ ಒಳಗೆ ಹೋಗಿ ಮಗನ ಮುಂದೆ ನಿಂತಳು.

"ಭರಮ್ಯಾ, ನಾಳೆ ಮೊದಲನೆ ಬಸ್ಸಿಗೆ ಮುನವಳ್ಳಿಗೆ ಹೋಗು. ಸಂಗಪ್ಪನ್ನ ಕರಕೊಂಡು ಬಾ. ಕಪ್ಪು ಇರೂತನಕ ತೋರಸಬೇಕು."

"ಹಬ್ಬ ಐತೆಲ್ಲವಾ."

"ಹಬ್ಬ ಹ್ವಾದ ಮ್ಯಾಲ ಕಪ್ಪೂ ಹೋಗತೈತಿ."

ಭರಮಪ್ಪ ಹೆಂಡತಿಯ ಮುಖ ನೋಡಿದ. ಕೃಷ್ಣವ್ವ ಒಲೆಗೆ ಕಟ್ಟಿಗೆ ಒಟ್ಟುತ್ತಿದ್ದಳು. ಅವಳ ತಲೆಯಲ್ಲಿ ಹಲವು ಮಾತಿದ್ದವು. ರಾಮದುರ್ಗದಿಂದ ಲಗಮಣ್ಣನಿಗೆ ಒಂದು ಹೆಣ್ಣಿನ ಮಾತು ಬಂದಿತ್ತು. ದಸರೆಯೊಳಗೆ ನೋಡಲು ಬರುತ್ತೇವೆಂದಿದ್ದರು. ಗಂಡನನ್ನು ಬಿಟ್ಟ ಅಕ್ಕ ಮನೆಯಲ್ಲಿ ಕೂತಿದ್ದಾಳೆಂದರೆ ಯಾರು ಹೆಣ್ಣು ಕೊಡುತ್ತಾರೆ? ಇದು ಖಾನಾವಳಿ ಬೇರೆ. ಎರಡು ಹೊತ್ತೂ ಕಂಡವರು ಬಂದು ಕೂರುವ ಜಾಗ. ಲಾರಿಯವರು, ಗಿರಣಿಯವರು, ಮದುವೆಯಾಗದ ಗುಮಾಸ್ತರು. ಇಪ್ಪತ್ಮೂರು ವರ್ಷದ ಮಗಳು ಅವರ ಮುಂದೆ ರೊಟ್ಟಿ ಬಡಿಸುತ್ತ ಓಡಾಡಿದರೆ ಓಣಿ ಸುಮ್ಮನಿರುತ್ತದೆಯೇ?

"ಹಬ್ಬ ಮುಗೀಲಿ," ಅಂದಳು ಕೃಷ್ಣವ್ವ.

ಪಂಚಮಿಗೆ ಜೋಳದ ಅಳ್ಳು ಹುರಿದರು, ಎಳ್ಳುಂಡಿ, ಶೇಂಗಾದುಂಡಿ ಕಟ್ಟಿದರು. ಓಣಿಯ ಹುಣಸೆ ಮರಕ್ಕೆ ಜೋಕಾಲಿ ಬಿತ್ತು. ಮಾಯವ್ವ ಒಂದೇ ಕೈಯಲ್ಲಿ ಹಗ್ಗ ಹಿಡಿದು ಜೀಕಿದಳು. ಕೇಳಿದವರಿಗೆ ಎಮ್ಮೆ ಎಳೆದಾಗ ತೋಳು ಉಳುಕಿದೆ ಎಂದಳು.

ಹಬ್ಬದ ಮರುದಿನ ಕೃಷ್ಣವ್ವ ಹಿತ್ತಲಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಳು. ಲಗಮಣ್ಣ ಚೀಲಕ್ಕೆ ಒದೆಯುತ್ತಿದ್ದ. ಎರಡು ಮಣದ ಚೀಲ ಒಂದೇ ಒದೆಗೆ ಗೋಡೆಗೆ ಹೋಗಿ ಬಡಿಯಿತು. ಅವಳ ಕೈ ನಿಂತಿತು.

ಆ ರಾತ್ರಿ ಎಲ್ಲರೂ ಉಂಡೆದ್ದ ಮೇಲೆ ಮಾಸ್ತರನ ತಟ್ಟೆಗೆ ಮೊಸರು ಹಾಕುತ್ತ ಕೇಳಿದಳು.

"ಮಾಸ್ತರ, ಈ ವಿದ್ಯಾ ಹೆಣ್ಣಮಕ್ಕಳಿಗೂ ಬರತೈತೇನ್ರಿ?"

"ಬರದ ಏನ್ರಿ. ಕೊರಿಯಾದಾಗ ಹೆಣ್ಣುಮಕ್ಕಳೂ ಕಲೀತಾರ."

"ಹದಿನೈದು ದಿನದಾಗ ಎಷ್ಟು ಬರತೈತಿ?"

ಮಾಸ್ತರ ತಲೆಯೆತ್ತಿ ನೋಡಿದ. ಆ ಹೊತ್ತಿಗೆ ಅವನಿಗೂ ಸಂಗತಿ ಅಲ್ಪಸ್ವಲ್ಪ ಗೊತ್ತಾಗಿತ್ತು. "ಒಂದು ಒದಿ ಬರತೈತ್ರಿ. ಛಲೋತ್ನಂಗ ಒಂದು. ಆದ್ರ ಅಕ್ಕಾರ, ಇದು ಹಾದ್ಯಾಗ ಅಡ್ಡ ಬರೂ ಕಳ್ಳಗ ಹೇಳಿದ್ದು. ಒದಿಬೇಕು, ಒದ್ದು ಓಡಬೇಕು. ತಂಗಿ ಒದ್ದಾದ ಮ್ಯಾಲ ಓಡಿ ಎಲ್ಲಿಗೆ ಹೋಗತಾಳ್ರಿ?"

ಕೃಷ್ಣವ್ವ ರೊಟ್ಟಿಯ ಬುಟ್ಟಿ ಎಳೆದುಕೊಂಡಳು. "ಇನ್ನೊಂದು ರೊಟ್ಟಿ ಹಾಕಲೇನ್ರಿ?" ಅಂದಳು.

ಮಾಸ್ತರ ಹೆಣ್ಣುಮಗಳಿಗೆ ತಾನೇ ಕಲಿಸುವುದು ಸರಿಯಲ್ಲವೆಂದು ಲಗಮಣ್ಣನಿಗೆ ಹೇಳಿಕೊಟ್ಟ, ಲಗಮಣ್ಣ ಅಕ್ಕನಿಗೆ ಕಲಿಸಿದ. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ, ಹಿತ್ತಲ ಬಾಗಿಲು ಹಾಕಿಕೊಂಡು. ಶಟ್ಟೆವ್ವ ಒಳಗೆ ಮುತ್ತಜ್ಜಿಯ ಪಕ್ಕ ಕೂತು ಅಂಗೈಯಗಲದ ರೊಟ್ಟಿ ತಟ್ಟುತ್ತಿರುತ್ತಿತ್ತು.

ಮೊದಲ ದಿನ ಮಾಯವ್ವ ಕಾಲು ಎತ್ತಿದ್ದೇ ಸೀರೆ ತೊಡರಿ ಕೂತುಬಿಟ್ಟಳು. ಅಕ್ಕ ತಮ್ಮ ಇಬ್ಬರೂ ನಕ್ಕರು.

"ಕಚ್ಚಿ ಹಾಕ್ಕೋ ಅಕ್ಕಾ."

"ಭಾವನ್ನ ನಿಲ್ಲಂತ ಹೇಳಿ, ಕಚ್ಚಿ ಹಾಕ್ಕೊಂಡು ಬಂದು ಒದೀಲೇನ?"

"ಸೀರಿ ನಿರಗಿ ಸ್ವಲ್ಪ ಮ್ಯಾಲ ಸಿಗಸು ಹಂಗಾರ. ಮೊಣಕಾಲ ಮೊದಲ ಎತ್ತು, ಆಮ್ಯಾಲ ಹಿಮ್ಮಡ ಚಾಚು. ನೋಡು, ಇನ್ನೊಂದು ಮಾತು. ಮಾಸ್ತರ ಹೇಳ್ಯಾರ. ಎದುರಿನವರ ಕೈ ಮ್ಯಾಲ ಎದ್ದ ಕೂಡ್ಲೆ ಒದೀಬೇಕು. ಕೈ ಬೀಳೂತನಕ ಕಾಯಬಾರದು. ಕಾದ್ರ ಕೆಟ್ಟಿ."

ದಿನ ಕಳೆದಂತೆ ಚೀಲ ಅಲುಗತೊಡಗಿತು. ಹೊಲದಲ್ಲಿ ದುಡಿದ ಕಾಲು, ಬಲಕ್ಕೆ ಕೊರತೆ ಇರಲಿಲ್ಲ. ಮಾಯವ್ವನ ನಡಿಗೆಯೇ ಬೇರೆಯಾಯಿತು. ನೀರಿಗೆ ಹೋದಾಗ ಕೊಡ ತುಂಬಿಕೊಂಡು ತಲೆಯೆತ್ತಿ ಬರುತ್ತಿದ್ದಳು. ಕೃಷ್ಣವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳಿಗೆ ಹಗುರಾಗಿತ್ತು.

ಅತ್ತ ತೋಳಿನ ನೇರಳೆ ಬಣ್ಣ ಹಸಿರಾಯಿತು, ಹಸಿರು ಹಳದಿಯಾಯಿತು. ಕಾಡವ್ವ ದಿನಾ ಒಮ್ಮೆ ಮೊಮ್ಮಗಳ ಸೆರಗು ಸರಿಸಿ ನೋಡುತ್ತಿದ್ದಳು. ನೋಡಿ ಸೊಸೆಯ ಕಡೆ ತಿರುಗುತ್ತಿದ್ದಳು.

ಆ ನಡುವೆ ಒಂದು ಸಂತೆಯ ದಿನ ಸಂಗಪ್ಪನೇ ಬಂದ. ಎತ್ತು ನೋಡಲು ಬೈಲಹೊಂಗಲಕ್ಕೆ ಬಂದವನು ಊಟಕ್ಕೆ ಖಾನಾವಳಿ ಹೊಕ್ಕ. ತಲೆಗೆ ಸುತ್ತಿದ ಬಿಳಿ ಪಟಗ, ದೊಡ್ಡ ದೇಹ. ಗೋಡೆಗೆ ಬೆನ್ನು ಕೊಟ್ಟು ಮಣೆಯ ಮೇಲೆ ಕೂತ. ಕೃಷ್ಣವ್ವ ಕಣ್ಣಲ್ಲೇ ಮಗಳನ್ನು ಹಿತ್ತಲಿಗೆ ಕಳಿಸಿದಳು. ತಾನೇ ಬಡಿಸಲು ನಿಂತಳು.

"ಮಾಯವ್ವ ಪಂಚಮಿಗೆ ಬಂದಾಳಂತ ಕೇಳಿದ್ನಿ. ಎಲ್ಲಾ ಸುರಳೀತ ಐತೇನವ್ವಾ?"

"ಸುರಳೀತ ಐತ್ರಿ."

"ಯಮನಪ್ಪ ಮಾತಿನಂಗ ಅದಾನೋ?"

ಒಲೆಯ ಬಳಿ ಕಾಡವ್ವ ಎದ್ದು ನಿಂತಿದ್ದಳು. ಬಾಯಿ ತೆರೆದಿದ್ದಳು. ಕೃಷ್ಣವ್ವ ಇಬ್ಬರ ನಡುವೆ ಹೋಗಿ ನಿಂತಳು.

"ಅತ್ತಿ, ರೊಟ್ಟಿ ಸೀಯಾಕ ಹತ್ಯಾವ ನೋಡ್ರಿ," ಅಂದಳು. ಆಮೇಲೆ ಸಂಗಪ್ಪನ ಕಡೆ ತಿರುಗಿ, "ಅದಾನ್ರಿ. ನಿಮ್ಮ ಮಾತು ಮೀರತಾನೇನ್ರಿ?"

ಸಂಗಪ್ಪ ಎಣ್ಣೆಗಾಯಿ ಹೊಗಳಿ, ಎರಡು ಸಲ ಹಾಕಿಸಿಕೊಂಡು, ಎಲೆ ಅಡಿಕೆ ಹಾಕಿಕೊಂಡು ಹೋದ. ಅವನ ಚಪ್ಪಲಿಯ ಸಪ್ಪಳ ಓಣಿ ದಾಟಿದ ಮೇಲೆ ಕಾಡವ್ವ ಹಂಚಿನ ಮೇಲೆ ನೀರು ಚೆಲ್ಲಿದಳು.

"ರೊಟ್ಟಿ ಸೀಯಾಕ ಹತ್ತಿದ್ದಿಲ್ಲ," ಅಂದಳು.

"ಅತ್ತಿ, ಸ್ವಲ್ಪ ತಿಳಕೋರಿ. ದಸರಿ ಆಗಲಿ. ಲಗಮಣ್ಣಂದು ಒಂದು ಗಟ್ಟಿ ಆಗಲಿ."

"ನ್ಯಾಯಾ ತಾನಾಗಿ ಬಂದು ಮಣಿ ಹಾಕ್ಕೊಂಡು ಕುಂತಿತ್ತು. ಎಣ್ಣಿಗಾಯಿ ಹಾಕಿ ಕಳಸಿದಿ."

"ಆಕಿಗೆ ಈಗ ತನ್ನ ತಾ ನೋಡಕೊಳ್ಳಾಕ ಬರತೈತಿ. ಒಮ್ಮೆ ಬಿಸಿ ಮುಟ್ಟಿದ್ರ ಅಂವ ಮತ್ತ ಕೈ ಎತ್ತೂದಿಲ್ಲ. ಮನಿ ಮುರಿಯೂದ ಬ್ಯಾಡ, ಹಿರೇರೂ ಬ್ಯಾಡ."

"ನೀ ಎಂದರ ನನ್ನ ಮಗನ್ನ ಒದ್ದೀಯೇನು?"

"ಅವರು ನನ್ನ ಹೊಡದಿಲ್ಲ ಬಿಡ್ರಿ."

"ಅದಕ್ಕ ನಿನಗ ಗೊತ್ತಿಲ್ಲ," ಅಂದಳು ಕಾಡವ್ವ. ಆ ದಿನ ಅತ್ತೆ ಸೊಸೆ ಬೇರೆ ಬೇರೆ ಹೊತ್ತಿಗೆ ಉಂಡರು.

ಹೊರಡುವ ದಿನ ಗೊತ್ತಾಯಿತು. ಬಳೆಗಾರ ಬಂದು ಮಾಯವ್ವನ ಎರಡೂ ಕೈಗೆ ಹಸಿರು ಬಳೆ ಏರಿಸಿದ. ಎಡ ತೋಳನ್ನು ಹಿಡಿದು ಒತ್ತಿದರೂ ಏನೂ ಕಾಣಲಿಲ್ಲ, ಅವಳಿಗೂ ನೋಯಲಿಲ್ಲ. ಮಧ್ಯಾಹ್ನ ಬುತ್ತಿ ಕಟ್ಟುತ್ತಿದ್ದಾಗ ಅವಳು ತಾಯಿಯ ಹತ್ತಿರ ಬಂದು ಕೂತಳು.

"ಯವ್ವಾ, ನಾ ಇಲ್ಲೇ ಇದ್ದು ರೊಟ್ಟಿ ಬಡೀಲೇನ? ಆಯಿಗೂ ಕೈ ನೋಯತಾವ. ಹಿಂದಿನ ಖೋಲ್ಯಾಗ ಇರತೇನಿ, ಮುಂದ ಬರೂದಿಲ್ಲ."

"ಹುಚ್ಚಿ ಅದಿ ನೋಡು. ಈಗ ನಿನಗ ಬರತೈತೆಲ್ಲಾ. ಇನ್ನ ಯಾಕ ಅಂಜತಿ?"

ಮಾಯವ್ವ ಮತ್ತೆ ಕೇಳಲಿಲ್ಲ. ಕೃಷ್ಣವ್ವ ಮಗಳನ್ನು ಮಣೆಯ ಮೇಲೆ ಕೂರಿಸಿ, ಕುಂಕುಮ ಹಚ್ಚಿ, ಅಕ್ಕಿ, ಕೊಬ್ಬರಿ, ಅರಿಷಿಣ ಬೇರು, ಬೆಲ್ಲ ಹಾಕಿ ಉಡಿ ತುಂಬಿದಳು. ಉಡಿ ತುಂಬಿಸಿಕೊಂಡ ಮಗಳು ಹೊಸ್ತಿಲಲ್ಲಿ ತಿರುಗಿ ನಿಲ್ಲಬಾರದು. ಮಾಯವ್ವ ನಿಲ್ಲಲಿಲ್ಲ. ಶಟ್ಟೆವ್ವ ಮಾತ್ರ ಅವಳ ಹೆಗಲ ಮೇಲಿಂದ ಮುತ್ತಜ್ಜಿಗೆ ಕೈಯಾಡಿಸುತ್ತ ಹೋಯಿತು.

ಸುದ್ದಿ ಬಂದದ್ದು ದಸರೆಗೆ ಇನ್ನೂ ಕೆಲವು ದಿನ ಇದ್ದಾಗ. ಮುನವಳ್ಳಿಯ ಕಡೆ ಓಡಾಡುವ ಲಾರಿಯವನೊಬ್ಬ ಉಣ್ಣುತ್ತ ಕೂತು, ನೀರು ಕುಡಿದು ಹೇಳಿದ.

"ನಿಮ್ಮ ಮಗಳು ಗಂಡನ್ನ ಒದ್ದಾಳಂತ್ರಿ. ಊರೆಲ್ಲಾ ಅದ ಮಾತು. ನಾಳೆ ಹಿರೇರು ಕೂಡತಾರಂತ. ನೀವು ಬರಬೇಕಂತ ಹೇಳ್ಯಾರ."

ಲಗಮಣ್ಣನ ಮುಖ ಅರಳಿತು. "ಭೇಷ್ ಅಕ್ಕಾ," ಅಂದ.

ಕಾಡವ್ವ ಕೈಯಲ್ಲಿದ್ದ ಹಿಟ್ಟಿನ ಮುದ್ದೆಯನ್ನು ಪರಾತದಲ್ಲಿಟ್ಟಳು. "ಎಲ್ಲಾರೂ ನೋಡ್ಯಾರೇನಪಾ?" ಎಂದು ಲಾರಿಯವನನ್ನು ಕೇಳಿದಳು.

"ಅಂಗಳದಾಗ ಅಂತ್ರಿ. ಮಂದಿ ಇದ್ರಂತ."

ಮರುದಿನ ಖಾನಾವಳಿಗೆ ಬಾಗಿಲು ಹಾಕಿ ಕೃಷ್ಣವ್ವ, ಭರಮಪ್ಪ, ಲಗಮಣ್ಣ ಮೂವರೂ ಹೋದರು. ಮುನವಳ್ಳಿಯಲ್ಲಿ ಇಳಿದು ಕಾಲುವೆಯ ಏರಿ ಹಿಡಿದು ನಡೆದರು. ಎರಡೂ ಕಡೆ ಹಿಂಗಾರಿ ಬಿತ್ತನೆ ನಡೆದಿತ್ತು. ಎಲ್ಲರ ಹೊಲದಲ್ಲೂ ಕೂರಿಗೆ ಹರಿದಿತ್ತು. ಯಮನಪ್ಪನ ಮೂರು ಎಕರೆ ಮಾತ್ರ ಹರಗಿ ಬಿಟ್ಟಂತೆಯೇ ಬಿದ್ದಿತ್ತು.

ಗುಡಿಯ ಕಟ್ಟೆಯ ಮೇಲೆ ಸಂಗಪ್ಪ ಮತ್ತು ನಾಲ್ಕು ಮಂದಿ ಹಿರಿಯರು ಕೂತಿದ್ದರು. ಯಮನಪ್ಪ ಕೆಳಗೆ ಕೂತಿದ್ದ. ಬಲಗೈಯನ್ನು ಧೋತರದ ಅರಿವೆಯಿಂದ ಕೊರಳಿಗೆ ಕಟ್ಟಿದ್ದರು. ಹೆಗಲೆಲುಬು ಮುರಿದಿತ್ತು. ಅವನ ತಾಯಿ ರಾಚವ್ವ ಶಟ್ಟೆವ್ವನನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಮಾಯವ್ವ ಗುಡಿಯ ಗೋಡೆಗೆ ನಿಂತಿದ್ದಳು.

ಆದದ್ದು ಇಷ್ಟು. ಯಮನಪ್ಪನ ನೀರಿನ ಪಾಳಿಯನ್ನು ಮೇಲಿನ ಹೊಲದವನು ತಿರುಗಿಸಿಕೊಂಡಿದ್ದ. ಅವನನ್ನೇನೂ ಮಾಡಲಾಗದೆ ಯಮನಪ್ಪ ಮನೆಗೆ ಬಂದ. ಬಿತ್ತುವ ಬೀಜ ಅಂಗಳದಲ್ಲಿ ಹರವಿದ್ದು ಕೋಳಿ ಕೆದರಿತ್ತು. ಮಾಯವ್ವನ ಕಡೆ ಕೈಯೆತ್ತಿಕೊಂಡು ಬಂದ. ಅವಳು ಕಲಿತಂತೆ ಮೊಣಕಾಲೆತ್ತಿ ಹಿಮ್ಮಡ ಚಾಚಿದಳು. ಎದೆಗೆ ಬಿತ್ತು. ಹಿಂದಕ್ಕೆ ಹೋಗಿ ಬಂಡಿಯ ನೊಗದ ಮೇಲೆ ಬಿದ್ದ. ಕೂರಿಗೆ ಸರಿಮಾಡಲು ಬಂದಿದ್ದ ನಾಲ್ಕು ಜನ ಅಲ್ಲೇ ನಿಂತಿದ್ದರು.

"ಮಾಯವ್ವಾ, ಒಂದ ಮಾತು ಕೇಳತೇನಿ," ಅಂದ ಸಂಗಪ್ಪ. "ಅಂವನ ಕೈ ನಿನ್ನ ಮೈಗೆ ತಾಗಿತ್ತೇನು?"

ಲಗಮಣ್ಣ ನಡುವೆ ಬಾಯಿ ಹಾಕಿದ. "ಕೈ ಎತ್ತಿದ್ದ್ರಿ. ತಾಗೂದಕ್ಕ ಏನು ತಡಾ ಇತ್ತು?"

"ನಿನ್ನ ಕೇಳಿಲ್ಲ ತಮ್ಮಾ. ತಾಗಿತ್ತೇನವ್ವಾ?"

ಮಾಯವ್ವ ತಾಯಿಯ ಮುಖ ನೋಡಿದಳು. ಹೌದು ಅನ್ನು ಎಂದು ಕೃಷ್ಣವ್ವನ ಕಣ್ಣು ಹೇಳುತ್ತಿತ್ತು. ಆದರೆ ಮಾಯವ್ವ ಗುಡಿಯ ಮುಂದೆ ನಿಂತಿದ್ದಳು, ಸುಳ್ಳು ಆಡುವಂತಿರಲಿಲ್ಲ.

"ಇಲ್ರಿ. ಈ ಸಲ ತಾಗಿದ್ದಿಲ್ಲ."

"ಈ ಸಲ ಅಂದ್ರ?"

ಕೃಷ್ಣವ್ವ ಮುಂದೆ ಬಂದಳು. "ಪಂಚಮಿಗೆ ಬಂದಾಗ ತೋಳು ಕರ್ರಗಾಗಿತ್ರಿ. ಮೊಣಕೈಯಿಂದ ಹೆಗಲಿನತನಕ. ನಾ ನನ್ನ ಕಣ್ಣಾರೆ ನೋಡೇನ್ರಿ. ಕರಾರು ಆವಾಗ ಮುರದೈತ್ರಿ."

ಸಂಗಪ್ಪ ಪಟಗ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಕೃಷ್ಣವ್ವಾ, ಆವಾಗ ನಾ ನಿನ್ನ ಮನ್ಯಾಗ ಉಂಡ್ನಿ. ಬಾಯಿ ಬಿಟ್ಟು ಕೇಳಿದ್ನಿ. ಸುರಳೀತ ಐತಿ ಅಂದಿ. ಆವತ್ತು ಒಂದು ಮಾತು ಹೇಳಿದ್ರ ಆವತ್ತ ತಾಯಿ ಮಗಳನ್ನ ನಿನ್ನ ಮನ್ಯಾಗ ಬಿಟ್ಟು, ಜ್ವಾಳಾ ಹಾಕಿಸಿ ಕೊಡತಿದ್ನಿ. ಇವತ್ತು ನಾ ಯಾವ ಬಾಯಿಲೆ ಹೇಳಲಿ?"

ಯಮನಪ್ಪ ನೆಲ ನೋಡುತ್ತ ಹೇಳಿದ. "ಪಂಚಮಿಗೆ ಹೊಡದದ್ದು ಖರೇ ಐತ್ರಿ. ನಾ ಇಲ್ಲ ಅನ್ನೂದಿಲ್ಲ. ಆದ್ರ ಮಂದ್ಯಾಗ ಕಾಲಿಲೆ... ನಾಯಿಗೆ ಒದ್ದಂಗ ಒದ್ದಾಳ್ರಿ. ನಾ ಈ ಊರಾಗ ಹೆಂಗ ಅಡ್ಯಾಡಲಿ?" ಕೂಡಿದ್ದ ಗಂಡಸರೆಲ್ಲ ತಲೆ ತಗ್ಗಿಸಿದರು. ಅವನು ಹೊಡೆದೆ ಎಂದು ಒಪ್ಪಿಕೊಂಡದ್ದು ಯಾರ ಕಿವಿಗೂ ಬೀಳಲಿಲ್ಲ. ಅವನ ಕೊನೆಯ ಮಾತು ಮಾತ್ರ ಬಿತ್ತು.

"ನನ್ನ ಗಂಡನೂ ನನ್ನ ಹೊಡದಾನ್ರಿ," ಅಂದಳು ರಾಚವ್ವ. "ಹಲ್ಲು ಉದುರೂಹಂಗ ಹೊಡದಾನ. ನಾ ಕಾಲು ಎತ್ತಿದ್ನೇನು?"

ಹಿರಿಯರು ಬಹಳ ಹೊತ್ತು ಮಾತಾಡಿಕೊಂಡರು. ಕಡೆಗೆ ಸಂಗಪ್ಪ ಹೇಳಿದ. ಮಾಯವ್ವ ತವರಿಗೆ ಹೋಗಲಿ, ಯಮನಪ್ಪ ಅಡ್ಡ ಬರಬಾರದು. ಜೋಳದ ಮಾತಿಲ್ಲ. ಹೊಲ ಈ ವರ್ಷ ಬೀಳು ಬಿತ್ತು, ಅದರ ನಷ್ಟವನ್ನು ತವರಿನವರಿಂದ ಯಾರೂ ಕೇಳುವುದಿಲ್ಲ.

"ಕೂಸು?" ಅಂದಳು ಮಾಯವ್ವ.

ಸಂಗಪ್ಪ ಪಕ್ಕದವನ ಮುಖ ನೋಡಿದ. ಪಕ್ಕದವನೇ ಉತ್ತರ ಕೊಟ್ಟ. "ಕೂಸು ಅಪ್ಪನ ಮನ್ಯಾಗ ಇರಲಿ. ಹೆಣ್ಣಕೂಸು. ತಾಯಿ ಹಂತೇಕ ಬೆಳದ್ರ ಅದೂ ಇದನ್ನ ಕಲೀತೈತಿ. ನಾಳೆ ಅದನ್ನ ಮದವಿ ಮಾಡಕೊಳ್ಳಾವ್ರು ಯಾರು?"

ಕೃಷ್ಣವ್ವ ಕಟ್ಟೆಯ ಅಂಚಿಗೆ ಹಣೆ ಹಚ್ಚಿದಳು. "ತಪ್ಪು ನಂದ್ರಿ. ಕಲಸಿದಾಕಿ ನಾ. ನನಗೇನರ ದಂಡಾ ಹಾಕ್ರಿ, ಕೂಸು ಕೊಡ್ರಿ." ಸಂಗಪ್ಪ ಎದ್ದು ಅವಳನ್ನು ಎಬ್ಬಿಸಿದ. ಅವನ ಕಣ್ಣೂ ಒದ್ದೆಯಾಗಿತ್ತು. ಆದರೆ ನಾಲ್ಕು ಜನ ಆಡಿದ ಮಾತನ್ನು ಅವನು ತಿರುಗಿಸಲಿಲ್ಲ.

ಶಟ್ಟೆವ್ವ ಅಷ್ಟರಲ್ಲಿ ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಮಾಯವ್ವ ಹತ್ತಿರ ಹೋಗಿ ಅದರ ಕಾಲು ಮುಟ್ಟಿದಳು. ರಾಚವ್ವ ತಡೆಯಲಿಲ್ಲ. "ಎಬ್ಬಸಬ್ಯಾಡವಾ, ಅಳತೈತಿ," ಅಂದಳು ಅಷ್ಟೇ.

ಮಾಯವ್ವ ಬೈಲಹೊಂಗಲಕ್ಕೆ ಬ್ಯಾಗಿಲ್ಲದೆ ಬಂದಳು. ಬಂದ ಮರುದಿನದಿಂದ ಒಲೆಯ ಮುಂದೆ ಕೂತು ರೊಟ್ಟಿ ಬಡಿದಳು. ಅವಳ ರೊಟ್ಟಿ ತೆಳ್ಳಗೆ, ಹೂವಿನಂತೆ ಉಬ್ಬುತ್ತಿದ್ದವು. ಉಣ್ಣುವವರು ಹೊಗಳಿದರು. ಕೃಷ್ಣವ್ವ ಹೆದರಿದ್ದಂತೆ ಯಾರೂ ಕೆಟ್ಟ ಮಾತಾಡಲಿಲ್ಲ. ಲಾರಿಯವರು ತಂಗಿ ಅನ್ನುತ್ತಿದ್ದರು. ರಾಮದುರ್ಗದ ಹೆಣ್ಣಿನವರು ಸುದ್ದಿ ಕೇಳಿ ಬೇರೆ ಕಡೆ ನೋಡಿಕೊಂಡರು. ಕಾಡವ್ವ ಸೊಸೆಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಕೃಷ್ಣವ್ವನಿಗೆ ಉಣ್ಣಲು ಬರುತ್ತಿತ್ತು.

ಮಾಸ್ತರ ಒಂದು ರಾತ್ರಿ ತಟ್ಟೆಯ ಮುಂದೆ ಕೂತು ಕೇಳಿದ. "ಅಕ್ಕಾರ, ನಾ ಬ್ಯಾರೆ ಕಡೆ ಊಟಕ್ಕ ಹೋಗಲೇನ್ರಿ? ನನ್ನ ಮುಖಾ ನೋಡಿದ್ರ ನಿಮಗ ತ್ರಾಸ ಆಗಬಹುದು."

"ನಿಮ್ಮದೇನೈತ್ರಿ ಮಾಸ್ತರ. ಓಡಿ ಎಲ್ಲಿಗೆ ಹೋಗತಾಳ ಅಂತ ನೀವು ಕೇಳಿದ್ರಿ. ನಮ್ಮ ಮನಿಗೆ ಬರಲಿ ಅಂತ ನನಗ ಅನ್ನಾಕ ಬರಲಿಲ್ಲ." ಎಂದಿನಂತೆ ಅವನಿಗೆ ರೊಟ್ಟಿ ಹಾಕಿದಳು.

ಲಗಮಣ್ಣ ವಕೀಲರನ್ನು ಕಂಡು ಬಂದ. ಸಣ್ಣ ಕೂಸು, ತಾಯಿಗೆ ಸಿಗಬಹುದು, ಆದರೆ ವರ್ಷಗಟ್ಟಲೆ ಹಿಡಿಯುತ್ತದೆ ಎಂದಿದ್ದರು.

"ಕೋರ್ಟಿಗೆ ಹ್ವಾದ್ರ ಹಿರೇರು ಆ ಊರಿನ ಹಾದೀನ ಮುಚ್ಚತಾರ," ಅಂದ ಭರಮಪ್ಪ. "ಈಗ ಹಬ್ಬಕ್ಕರ ನೋಡಾಕ ಬಿಡತಾರ."

"ಆವತ್ತೂ ಹಬ್ಬ ಅಂದ್ರಿ ಯಪ್ಪಾ," ಅಂದಳು ಮಾಯವ್ವ. ಭರಮಪ್ಪ ಉಣ್ಣುವುದನ್ನು ಬಿಟ್ಟು ಕೈ ತೊಳೆದ. ಆಮೇಲೆ ಆ ಮನೆಯಲ್ಲಿ ಕೋರ್ಟಿನ ಮಾತು ಬರಲಿಲ್ಲ.

ದೀಪಾವಳಿಗೆ ಕೇಳಿ ಕಳಿಸಿದಾಗ, ಕೂಸು ಊರಲ್ಲಿಲ್ಲ, ರಾಮದುರ್ಗದಲ್ಲಿ ಯಮನಪ್ಪನ ಅಕ್ಕನ ಮನೆಯಲ್ಲಿದೆ ಎಂದು ತಿಳಿಯಿತು. ರಾಚವ್ವನಿಗೆ ಜ್ವರ ಬಂದು ನೋಡಿಕೊಳ್ಳಲು ಆಗಿರಲಿಲ್ಲ. ಕೃಷ್ಣವ್ವ, ಮಾಯವ್ವ ಇಬ್ಬರೇ ರಾಮದುರ್ಗದ ಬಸ್ಸು ಹತ್ತಿದರು. ನೇಕಾರರ ಓಣಿಯಲ್ಲಿ ಮಗ್ಗದ ಸದ್ದು ಮಾತು ಕೇಳಿಸದಷ್ಟಿತ್ತು. ಯಮನಪ್ಪನ ಅಕ್ಕ ಒಳ್ಳೆಯವಳು. ಮಗ್ಗ ನಿಲ್ಲಿಸಿ ಚಾಪೆ ಹಾಕಿ, ನೀರು ಕೊಟ್ಟು, ಕೂಸನ್ನು ಕರೆದಳು.

ಶಟ್ಟೆವ್ವ ಹೊಸ ಫ್ರಾಕು ತೊಟ್ಟು ಬಾಗಿಲಿಗೆ ಬಂತು. ತಾಯಿಯನ್ನು ನೋಡಿ ಒಂದು ಹೆಜ್ಜೆ ಮುಂದಿಟ್ಟಿತು. ಆಮೇಲೆ ಅತ್ತೆಯ ಸೀರೆಯ ಹಿಂದೆ ಸೇರಿಕೊಂಡಿತು.

"ಬಾರ ನನ್ನ ಬಂಗಾರಾ," ಅಂದಳು ಮಾಯವ್ವ.

"ಒಲ್ಲೆ. ಅವ್ವ ಒದೀತಾಳ."

"ಯಾರು ಹೇಳ್ಯಾರೋ ಏನೋ ಯವ್ವಾ," ಅಂದಳು ಆ ಹೆಣ್ಣುಮಗಳು, ನಾಚಿಕೆಯಿಂದ. "ನಮ್ಮವ್ವ ಅಂದಿರಬೇಕು. ಉಣ್ಣಾಕ ಹಟಾ ಮಾಡಿದ್ರ ನಿಮ್ಮವ್ವ ಬಂದು ಒದೀತಾಳ ಅಂತ. ಸಣ್ಣ ಕೂಸು, ಖರೇ ಅಂತ ತಿಳಕೊಂಡೈತಿ. ನಾ ಎಷ್ಟು ಹೇಳಿದ್ರೂ ಕೇಳೂದಿಲ್ಲ."

ಮಾಯವ್ವ ಚಾಪೆಯ ಮೇಲೆ ಕಾಲು ಮಡಿಸಿ, ಸೀರೆಯನ್ನು ಪಾದದ ಮೇಲೆ ಎಳೆದುಕೊಂಡು ಕೂತಳು. ಬೆರಳೂ ಕಾಣದಂತೆ ಕೂತಳು. ತಂದಿದ್ದ ಕರಜಿಕಾಯಿಯ ಗಂಟನ್ನು ಮುಂದಕ್ಕೆ ಸರಿಸಿ, ಮುಖ ಗೋಡೆಯ ಕಡೆ ತಿರುಗಿಸಿದಳು. ಬಹಳ ಹೊತ್ತಾದ ಮೇಲೆ ಕೂಸು ಹತ್ತಿರ ಬಂದು, ಗಂಟು ತೆಗೆದುಕೊಂಡು ಒಳಗೆ ಓಡಿತು. ಅವಳು ಮುಟ್ಟಲಿಲ್ಲ. ಕೊನೆಯ ಬಸ್ಸಿನ ಹೊತ್ತಾಗುವವರೆಗೂ ಹಾಗೆಯೇ ಕೂತಿದ್ದು, ಕೂಸು ಒಳಗಿದ್ದಾಗಲೇ ಎದ್ದು ಬಂದಳು.

ಅದಾದ ಮೇಲೆ ಮಾಯವ್ವನ ಮೈಮೇಲೆ ಯಾರ ಕೈಯೂ ಬೀಳಲಿಲ್ಲ. ಅಷ್ಟು ದಕ್ಕಿತು. ಮಗಳು ಕೈಬಿಟ್ಟು ಹೋದಳು.